ಡಬ್ಲಿನ್‌ನ ಸಂಜೆಗಳು: ಕುಡಿಯದವರು ಪಬ್‌ಗೆ ಹೋಗಿ ಏನು ಮಾಡಬೇಕು?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಡಬ್ಲಿನ್‌ಗೆ ಬಂದು ಮೂರು ತಿಂಗಳಾಗಿದೆ. ಕೆಲಸ, ಬಾಡಿಗೆ ಮನೆ, ಪಿಪಿಎಸ್ ನಂಬರು (ಇಲ್ಲಿನ ಸರಕಾರಿ ಗುರುತಿನ ಸಂಖ್ಯೆ) ಎಲ್ಲ ಆಯಿತು. ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ. ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಮಾತಾಡಲು ಜನರಿಲ್ಲ. ಪಬ್‌ಗಳಲ್ಲಿ ಸಂಗೀತ ಇರುತ್ತದೆ ಅಂತ ಕೇಳಿದ್ದೀರಿ, ಆದರೆ ಕುಡಿಯುವುದಿಲ್ಲ, ಮಾಂಸ ತಿನ್ನುವುದಿಲ್ಲ, ಒಬ್ಬರೇ ಹೋದರೆ ವಿಚಿತ್ರವಾಗಿ ಕಾಣುತ್ತೇವೇನೋ ಅನ್ನುವ ಅಳುಕು.

ಕಾಣುವುದಿಲ್ಲ. ಹೋಗಿ. ಆದರೆ ಯಾವ ಪಬ್‌ಗೆ, ಎಷ್ಟು ಹೊತ್ತಿಗೆ, ಹೋಗಿ ಎಲ್ಲಿ ಕೂರಬೇಕು ಅನ್ನುವುದು ತಿಳಿದಿರಲಿ. ಇಲ್ಲದಿದ್ದರೆ ಒಂದು ಸಲ ಹೋಗಿ, ಗದ್ದಲ ಕೇಳಿ, ದುಬಾರಿ ಬಿಲ್ಲು ಕಟ್ಟಿ, 'ನಮಗಲ್ಲ ಇದು' ಅಂತ ವಾಪಸು ಬರುತ್ತೀರಿ. ಬಹಳ ಜನರ ಕತೆ ಅಲ್ಲಿಗೇ ಮುಗಿಯುತ್ತದೆ.

ಮೊದಲು ಚಳಿಗಾಲದ ಮಾತು. ಡಿಸೆಂಬರಿನಲ್ಲಿ ಇಲ್ಲಿ ಸಂಜೆ ನಾಲ್ಕೂಕಾಲಿಗೆ ಮೊದಲೇ ಸೂರ್ಯ ಮುಳುಗುತ್ತಾನೆ, ಬೆಳಿಗ್ಗೆ ಹುಟ್ಟುವುದು ಎಂಟೂವರೆ ದಾಟಿದ ಮೇಲೆ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕು, ಆಗ ಮನೆಯಿಂದ ಹೊರಬೀಳಲು ಯಾರ ಉಪದೇಶವೂ ಬೇಡ. ನವೆಂಬರಿನಲ್ಲಿ ಮನೆಯೊಳಗೆ ಕೂರುವ ಅಭ್ಯಾಸ ಅಂಟಿದರೆ ಮಾರ್ಚ್‌ವರೆಗೂ ಬಿಡುವುದಿಲ್ಲ. ಕನ್ನಡ ಸಂಘದ ಯುಗಾದಿ, ರಾಜ್ಯೋತ್ಸವಗಳಿಗೆ ಖಂಡಿತ ಹೋಗಿ, ಆದರೆ ಅವು ವರ್ಷಕ್ಕೆ ನಾಲ್ಕೈದು ದಿನ. ಸಹೋದ್ಯೋಗಿಗಳಲ್ಲಿ ಅರ್ಧ ಜನ ಪಕ್ಕದ ಕೌಂಟಿಗಳಾದ ಕಿಲ್ಡೇರ್, ಮೀದ್ ಕಡೆಯಿಂದ ಬರುವವರು, ಐದೂವರೆಯ ರೈಲು ಹಿಡಿಯುತ್ತಾರೆ. ಹೇಳದೆ ಕೇಳದೆ ಯಾರ ಮನೆಗಾದರೂ ಹೋಗಿ ಕಾಫಿ ಕುಡಿಯುವ ರೂಢಿ ನಗರದಲ್ಲಿ ಇಲ್ಲವೆಂದೇ ಹೇಳಬೇಕು. ಜನ ಒಬ್ಬರನ್ನೊಬ್ಬರು ನೋಡುವುದು ಹೊರಗಡೆ.

ಆ 'ಹೊರಗಡೆ'ಯಲ್ಲಿ ಸಂಗೀತ ಇರುವ ಜಾಗ ಹೊಸಬರಿಗೆ ಎಲ್ಲಕ್ಕಿಂತ ಸಲೀಸು. ಪರಿಚಯ ಮಾಡಿಕೊಳ್ಳಲೆಂದೇ ಕರೆಯುವ ಕೂಟಗಳಲ್ಲಿ ಎರಡು ಗಂಟೆ ಹೊತ್ತು ನಿಮ್ಮ ಕೆಲಸ, ನಿಮ್ಮ ಊರು ಅಂತ ವಿವರಿಸುತ್ತಲೇ ಇರಬೇಕು. ಸಂಗೀತದ ಮುಂದೆ ಸುಮ್ಮನೆ ಕೂತರೂ ಯಾರಿಗೂ ಅದು ಒಂಟಿತನ ಅನಿಸುವುದಿಲ್ಲ, ಎಲ್ಲರ ಕಣ್ಣೂ ಮೂಲೆಯ ಮೇಜಿನ ಮೇಲಿರುತ್ತದೆ. ಮಾತು ಬೇಕಾದರೆ ವಿಷಯ ಕಣ್ಣೆದುರೇ ಇದೆ.

ನನ್ನ ಸಲಹೆ: ಒಂದು ವಾರ ಪೂರ್ತಿ ಸುತ್ತಿ ನೋಡಿ, ಆಮೇಲೆ ಒಂದೇ ಜಾಗ ಹಿಡಿದುಕೊಳ್ಳಿ.

ಸೋಮವಾರ ಸ್ಮಿತ್‌ಫೀಲ್ಡ್‌ನ ಕಾಬಲ್‌ಸ್ಟೋನ್ ಪಬ್‌ನಿಂದ ಶುರು ಮಾಡಿ. ಲುವಾಸ್ ಟ್ರಾಮಿನ ಕೆಂಪು ಮಾರ್ಗದಲ್ಲಿ ಸ್ಮಿತ್‌ಫೀಲ್ಡ್‌ಗೆ ಇಳಿದು ಚೌಕದ ಉತ್ತರ ತುದಿಗೆ ನಡೆದರೆ ಸಾಕು. ಸೋಮವಾರ ಅಂದದ್ದಕ್ಕೆ ಕಾರಣವಿದೆ: ವಾರಾಂತ್ಯದ ನೂಕುನುಗ್ಗಲು ಇರುವುದಿಲ್ಲ, ಬಂದವರು ಕೇಳಲೆಂದೇ ಬಂದವರು. ಈ ಜಾಗದ ಮೇಲೆ ಊರಿಗೆ ಎಷ್ಟು ಪ್ರೀತಿ ಅಂದರೆ, 2021ರಲ್ಲಿ ಇಲ್ಲಿ ಹೋಟೆಲ್ ಕಟ್ಟುವ ಯೋಜನೆ ಬಂದಾಗ ಜನ ವಾದ್ಯ ನುಡಿಸುತ್ತಾ ಮೆರವಣಿಗೆ ಹೊರಟರು. ನಗರಸಭೆ ಅನುಮತಿ ನಿರಾಕರಿಸಿತು.

ಪಬ್‌ನ ಇಂಥ ಸಂಗೀತಕೂಟಕ್ಕೆ ಸೆಷನ್ ಅನ್ನುತ್ತಾರೆ. ಅದು ನಮ್ಮ ಸಂಗೀತ ಕಚೇರಿಯ ಹಾಗಲ್ಲ. ವೇದಿಕೆ ಇಲ್ಲ, ಬಹುತೇಕ ಮೈಕೂ ಇಲ್ಲ. ಬಾಗಿಲ ಹತ್ತಿರವೋ ಮೂಲೆಯಲ್ಲೋ ಒಂದು ಮೇಜು, ಅದರ ಸುತ್ತ ಪಿಟೀಲು, ಕೊಳಲು, ಟಿನ್ ವಿಸಲ್, ಕನ್ಸರ್ಟಿನಾ, ಬ್ಯಾಂಜೊ, ಅದೃಷ್ಟವಿದ್ದರೆ ಇಲಿನ್ ಪೈಪ್ಸ್. ಮೊಣಕೈ ಕೆಳಗಿನ ತಿದಿಯಿಂದ ಗಾಳಿ ತುಂಬಿಸಿ ನುಡಿಸುವ ಈ ವಾದ್ಯದ ಪರಂಪರೆಯನ್ನು ಯುನೆಸ್ಕೊ 2017ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಅವರು ನುಡಿಸುವುದು ತಮಗಾಗಿ, ಒಬ್ಬರಿಗೊಬ್ಬರು ಮುಖ ಮಾಡಿ. ನಿಮಗೆ ಬೆನ್ನು ಕಂಡರೆ ಅವಮಾನ ಅಂದುಕೊಳ್ಳಬೇಡಿ.

ಕೇಳುವುದು ಹೇಗೆ? ಹೊಸ ಕಿವಿಗೆ ಎಲ್ಲ ಒಂದೇ ಥರ ಕೇಳಿಸುತ್ತದೆ, ಮೊದಲ ಅರ್ಧ ಗಂಟೆ ಬೇಸರವೂ ಬರಬಹುದು. ತಾಳ ಹಾಕುವ ನಮ್ಮ ಅಭ್ಯಾಸ ಇಲ್ಲಿ ಕೆಲಸಕ್ಕೆ ಬರುತ್ತದೆ. ಬೆರಳು ಮಡಚಿ ಎಣಿಸಿ. ನಾಲ್ಕರ ಓಟ ಸಿಕ್ಕಿದರೆ ಅದು ರೀಲ್ ಅನ್ನುವ ಬಗೆ. ಮೂರು ಮೂರರ ಎರಡು ಗುಂಪು, ಅಂದರೆ ತಿಸ್ರ ನಡೆ ಸಿಕ್ಕಿದರೆ ಜಿಗ್. ಒಂಬತ್ತು ಬಂದರೆ ಸ್ಲಿಪ್ ಜಿಗ್, ಅದನ್ನು ಸಂಕೀರ್ಣ ಅಂದುಕೊಂಡು ನಾಲ್ಕು-ಐದಾಗಿ ಒಡೆಯಬೇಡಿ, ಅದು ಮೂರು ಸಲ ಮೂರು. ಸಾಮಾನ್ಯವಾಗಿ ಒಂದು ಟ್ಯೂನ್‌ಗೆ ಎರಡು ಭಾಗ, ಪ್ರತಿ ಭಾಗ ಎಂಟು ಬಾರ್ (ನಮ್ಮ ಆವರ್ತದ ಹಾಗೆ), ಎರಡೆರಡು ಸಲ ನುಡಿಸಿದರೆ ಒಟ್ಟು 32. ಇಡೀ ಟ್ಯೂನನ್ನು ಮೂರು ಸಲ ಹೊಡೆದು, ನಿಲ್ಲಿಸದೆ ಮುಂದಿನದಕ್ಕೆ ಹಾರುತ್ತಾರೆ. ಆ ಹಾರುವ ಗಳಿಗೆಯಲ್ಲಿ ಶ್ರುತಿ ಬದಲಾದರೆ ಕೋಣೆಯಲ್ಲಿ ಯಾರಾದರೂ 'ಹಪ್!' ಅಂತ ಕೂಗುತ್ತಾರೆ. ಆ ಕೂಗು ಯಾಕೆ ಬಂತು ಅಂತ ನಿಮಗೆ ತಾನಾಗಿ ಗೊತ್ತಾದ ದಿನ ಈ ಸಂಗೀತ ನಿಮಗೆ ಹತ್ತಿತು ಅಂತ ಲೆಕ್ಕ.

ಇನ್ನು ತಪ್ಪಾಗುವ ಕಡೆಗಳು. ವಾದಕರ ಮೇಜಿನ ಸುತ್ತಲಿನ ಕುರ್ಚಿ ಖಾಲಿ ಇದ್ದರೂ ಕೂರಬೇಡಿ, ಅವು ಇನ್ನೂ ಬರಬೇಕಾದ ವಾದಕರಿಗೆ. ಎರಡನೇ ಸಾಲಿನಲ್ಲಿ ಪಕ್ಕಕ್ಕೆ ಕೂತರೆ ಚೆನ್ನಾಗಿ ಕೇಳಿಸುತ್ತದೆ, ಮಾತಿಗೂ ಸಿಗುತ್ತಾರೆ. ಚಪ್ಪಾಳೆಯಲ್ಲಿ ತಾಳ ಹಾಕಬೇಡಿ, ಅಷ್ಟು ಸಣ್ಣ ಕೋಣೆಯಲ್ಲಿ ಅದು ವಾದಕರ ಲಯ ಕೆಡಿಸುತ್ತದೆ, ಕಾಲಿನಲ್ಲಿ ಸದ್ದಿಲ್ಲದೆ ಹಾಕಿ. ಪ್ರವಾಸಿಗರ ಹಾಡುಗಳ ಫರ್ಮಾಯಿಷಿ ಬೇಡ. ವಿಡಿಯೊ ಮಾಡುವ ಮೊದಲು ಕೇಳಿ, ಫ್ಲಾಶ್ ಅಂತೂ ಬೇಡವೇ ಬೇಡ. ಯಾರಾದರೂ ವಾದ್ಯವಿಲ್ಲದೆ ಒಬ್ಬರೇ ಹಾಡಲು ಶುರು ಮಾಡಿದರೆ ಇಡೀ ಪಬ್ ಸ್ತಬ್ಧವಾಗುತ್ತದೆ. ಲೋಟ ಕೂಡ ಸದ್ದು ಮಾಡಬಾರದು. ಐರಿಷ್ ಭಾಷೆಯ ಶಾನ್-ನೋಸ್ ಗಾಯನ ತಾಳಕ್ಕೆ ಕಟ್ಟುಬಿದ್ದದ್ದಲ್ಲ, ಸ್ವರಗಳ ನಡುವೆ ಬಳುಕು ತುಂಬಿರುತ್ತದೆ. ಆಲಾಪನೆ ಕೇಳಿ ಬೆಳೆದವರು ಅದರೊಳಗೆ ಬೇಗ ಇಳಿಯುತ್ತಾರೆ. ಹೊಸಬರು ಮಾಡುವ ದೊಡ್ಡ ತಪ್ಪು ಮಾತ್ರ ಬೇರೆ: ಆಫೀಸಿನ ಹತ್ತು ಜನರನ್ನು ಕಟ್ಟಿಕೊಂಡು ಹೋಗುವುದು. ಹತ್ತು ಜನ ಹೋದರೆ ತಮ್ಮತಮ್ಮಲ್ಲೇ ಮಾತಾಡಿಕೊಂಡು, ಸಂಗೀತವನ್ನೂ ಮುಳುಗಿಸಿ, ಯಾರ ಪರಿಚಯವೂ ಆಗದೆ ಮನೆಗೆ ಬರುತ್ತಾರೆ. ಒಬ್ಬರೇ ಹೋಗಿ, ಹೆಚ್ಚೆಂದರೆ ಇಬ್ಬರು.

ಮಂಗಳವಾರ ಹಗುರವಾಗಿರಲಿ. ಸೇಂಟ್ ಪ್ಯಾಟ್ರಿಕ್ಸ್ ಕೆಥೆಡ್ರಲ್‌ನಲ್ಲಿ ಶಾಲೆಯ ಅವಧಿ ನಡೆಯುತ್ತಿರುವಾಗ ವಾರದ ಸಂಜೆಗಳಲ್ಲಿ ಕೋರಲ್ ಇವನ್‌ಸಾಂಗ್, ಅಂದರೆ ಗಾಯಕವೃಂದ ಹಾಡುವ ಸಂಜೆಯ ಪ್ರಾರ್ಥನೆ ಇರುತ್ತದೆ. ಪ್ರಾರ್ಥನೆಯಾದ್ದರಿಂದ ಟಿಕೆಟ್ ಇಲ್ಲ, ಯಾವ ಧರ್ಮದವರೂ ಹಿಂದೆ ಕೂತು ಕೇಳಬಹುದು, ಎಲ್ಲರ ಜೊತೆ ಎದ್ದು ಎಲ್ಲರ ಜೊತೆ ಕೂತರೆ ಸಾಕು. 1742ರ ಏಪ್ರಿಲ್ 13ರಂದು ಸಂಗೀತಗಾರ ಹ್ಯಾಂಡೆಲ್‌ನ ಪ್ರಸಿದ್ಧ ಗಾಯನಕೃತಿ 'ಮೆಸಾಯ' ಜಗತ್ತಿನಲ್ಲೇ ಮೊದಲ ಸಲ ಕೇಳಿಬಂದದ್ದು ಇದೇ ಊರಿನ ಫಿಶಾಂಬಲ್ ಸ್ಟ್ರೀಟ್‌ನಲ್ಲಿ, ಈ ಕೆಥೆಡ್ರಲ್ ಮತ್ತು ಪಕ್ಕದ ಕ್ರೈಸ್ಟ್ ಚರ್ಚ್‌ನ ಗಾಯಕರಿಂದ. ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ, ಅಡುಗೆ ಹೊತ್ತಿಗೆ ಸರಿಯಾಗಿ ಮನೆಗೆ.

ಬುಧವಾರ ಮೆರಿಯನ್ ರೋ‌ನ ಓ'ಡೊನೊಹ್ಯೂಸ್. 1962ರ ಸುಮಾರಿಗೆ 'ದಿ ಡಬ್ಲಿನರ್ಸ್' ಎಂಬ ಹೆಸರಾಂತ ಜನಪದ ಸಂಗೀತ ತಂಡ ಹುಟ್ಟಿದ್ದು ಈ ಪಬ್‌ನಲ್ಲಿ, ಹಾಗಾಗಿ ಪ್ರವಾಸಿಗರೂ ಬರುತ್ತಾರೆ. ಕಾಬಲ್‌ಸ್ಟೋನ್‌ಗೂ ಇದಕ್ಕೂ ಇರುವ ವ್ಯತ್ಯಾಸ ನೀವೇ ನೋಡಿ ತೀರ್ಮಾನಿಸಿ. ನಿದ್ದೆ ಕಡಿಮೆಯಾಗಿದ್ದರೆ ಈ ದಿನ ಬಿಟ್ಟರೂ ನಷ್ಟವಿಲ್ಲ.

ಗುರುವಾರ ವೆಕ್ಸ್‌ಫರ್ಡ್ ಸ್ಟ್ರೀಟ್‌ನ ವೀಲನ್ಸ್. ಇಲ್ಲಿ ಟಿಕೆಟ್ ಇದೆ, ಹೊಸ ಬ್ಯಾಂಡ್‌ಗಳ ದಿನ ನೋಡಿ ತೆಗೆದುಕೊಂಡರೆ ಕೈಗೆ ಎಟುಕುತ್ತದೆ. ಟಿಕೆಟ್ ಮೇಲೆ 'ಡೋರ್ಸ್ 8' ಅಂದರೆ ಬಾಗಿಲು ತೆರೆಯುವ ಹೊತ್ತು, ಕಾರ್ಯಕ್ರಮದ್ದಲ್ಲ. ಮೊದಲು ಸಪೋರ್ಟ್ ತಂಡ, ಮುಖ್ಯ ತಂಡ ಒಂಬತ್ತರ ಸುಮಾರಿಗೆ. ಎರಡು ಗಂಟೆ ನಿಂತೇ ಇರಬೇಕು, ಶೂ ಅದಕ್ಕೆ ತಕ್ಕದ್ದಿರಲಿ. ದಪ್ಪ ಕೋಟನ್ನು ಕ್ಲೋಕ್‌ರೂಮಿಗೆ ಕೊಡಿ, ಇಲ್ಲದಿದ್ದರೆ ಬೆವರುತ್ತೀರಿ. ಇಯರ್‌ಪ್ಲಗ್ ಮರೆಯಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಜಾಗಗಳಿಗೆ ಸೂಚಿಸಿದ ಮಿತಿಯೇ ಸರಾಸರಿ 100 ಡೆಸಿಬಲ್. ಸ್ಪೀಕರ್ ಪಕ್ಕ ನಿಂತು ಮರುದಿನ ಕಿವಿ ಗುಂಯ್‌ಗುಟ್ಟಿದರೆ ಅದು ಪೆಟ್ಟಿನ ಗುರುತು. ಹಿಂಭಾಗದಲ್ಲಿ, ಸೌಂಡ್ ಎಂಜಿನಿಯರ್ ಮೇಜಿನ ಹತ್ತಿರ ನಿಂತರೆ ಧ್ವನಿ ಎಲ್ಲಕ್ಕಿಂತ ಹದವಾಗಿರುತ್ತದೆ, ಅವರು ಹದ ಮಾಡುವುದೇ ತಮ್ಮ ಕಿವಿಗೆ. ದೊಡ್ಡ ಕಾರ್ಯಕ್ರಮಗಳ ಟಿಕೆಟ್ ಕಾಳಸಂತೆಯಲ್ಲಿ ಕೊಳ್ಳಬೇಡಿ: 2021ರ ಕಾನೂನಿನ ಪ್ರಕಾರ, 1,000 ಅಥವಾ ಹೆಚ್ಚು ಜನ ಹಿಡಿಸುವ ಗೊತ್ತುಪಡಿಸಿದ ಸಭಾಂಗಣಗಳ ಟಿಕೆಟ್ಟನ್ನು ಮುಖಬೆಲೆಗಿಂತ ಹೆಚ್ಚಿಗೆ ಮಾರುವುದು ಅಪರಾಧ.

ಶುಕ್ರವಾರ ಎರಡು ದಾರಿ. ಅರ್ಲ್ಸ್‌ಫರ್ಟ್ ಟೆರೇಸ್‌ನ ನ್ಯಾಷನಲ್ ಕನ್ಸರ್ಟ್ ಹಾಲ್‌ನಲ್ಲಿ ಸೀಸನ್ ಇದ್ದಾಗ ನ್ಯಾಷನಲ್ ಸಿಂಫನಿ ಆರ್ಕೆಸ್ಟ್ರಾ ನುಡಿಸುತ್ತದೆ. ವಾದ್ಯವೃಂದದ ಹಿಂದೆ ಇರುವ ಕಾಯಿರ್ ಬಾಲ್ಕನಿಯ ಸೀಟು ಮಾರಾಟಕ್ಕಿದ್ದರೆ ತೆಗೆದುಕೊಳ್ಳಿ: ಕಂಡಕ್ಟರ್ ಮುಖ ಕಾಣುತ್ತದೆ, ಡ್ರಮ್ ಜೋರಾಗಿ ಕೇಳುತ್ತದೆ ಅನ್ನುವುದೊಂದೇ ಕೊರತೆ. ಒಂದು ಕೃತಿಯ ಭಾಗಗಳ ನಡುವೆ ಚಪ್ಪಾಳೆ ಹೊಡೆಯುವುದಿಲ್ಲ, ಅನುಮಾನವಿದ್ದರೆ ಉಳಿದವರು ಶುರು ಮಾಡುವವರೆಗೆ ಕಾಯಿರಿ. ಇಷ್ಟು ಶಿಸ್ತು ಬೇಡವೆಂದರೆ ಮಂಕ್ಸ್‌ಟೌನ್ ಕಡೆ ಡಾರ್ಟ್ ರೈಲು ಹತ್ತಿ. ಅಲ್ಲಿ ಕೋಲ್ಟಸ್‌ನ ಕೇಂದ್ರ ಕಚೇರಿ ಇದೆ. 1951ರಲ್ಲಿ ಹುಟ್ಟಿದ ಈ ಸಂಸ್ಥೆ ಸಾಂಪ್ರದಾಯಿಕ ಸಂಗೀತ ಕಲಿಸುತ್ತದೆ, ಕೇಲಿ ಎಂಬ ಗುಂಪು ನೃತ್ಯದ ಸಂಜೆಗಳನ್ನೂ ನಡೆಸುತ್ತದೆ. ಹೆಜ್ಜೆ ಬಾರದಿದ್ದರೂ ಕೈಹಿಡಿದು ಎಳೆದುಕೊಳ್ಳುತ್ತಾರೆ. ಒಂದೇ ರಾತ್ರಿಯಲ್ಲಿ ಅತಿ ಹೆಚ್ಚು ಜನರ ಜೊತೆ ಮಾತಾಡಬೇಕಾದರೆ ಇದನ್ನು ಮೀರಿಸುವ ಜಾಗ ನನಗೆ ಗೊತ್ತಿಲ್ಲ.

ಶನಿವಾರ ರಾತ್ರಿ ಪ್ರವಾಸಿಗರ ಬಡಾವಣೆಯಾದ ಟೆಂಪಲ್ ಬಾರ್ ಕಡೆ ಹೋಗಬೇಡಿ. ಸಂಗೀತ ಕೆಟ್ಟದ್ದು ಅಂತಲ್ಲ, ನುಡಿಸುವವರು ಪಳಗಿದವರೇ. ಆದರೆ ಕೋಣೆಯಲ್ಲಿ ಇರುವವರೆಲ್ಲ ನಾಳೆ ವಿಮಾನ ಹತ್ತುವವರು, ಬೆಲೆಯೂ ಅವರಿಗೆ ತಕ್ಕಂತೆ. ಮುಂದಿನ ವಾರ ಮತ್ತೆ ಸಿಗುವ ಒಂದು ಮುಖವೂ ಅಲ್ಲಿಲ್ಲ. ಬಟ್ಟೆ ಒಗೆಯಿರಿ, ಊರಿಗೆ ಫೋನ್ ಮಾಡಿ. ಭಾನುವಾರ ಮಧ್ಯಾಹ್ನವೇ ಶುರುವಾಗುವ ಸೆಷನ್‌ಗಳಿವೆ, ಮಕ್ಕಳಿರುವವರಿಗೆ ಅದೇ ಸರಿಯಾದ ದಿನ. ಹದಿನೈದರೊಳಗಿನ ಮಕ್ಕಳು ತಂದೆತಾಯಿ ಜೊತೆ ರಾತ್ರಿ ಒಂಬತ್ತರವರೆಗೆ, ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹತ್ತರವರೆಗೆ ಪಬ್‌ನಲ್ಲಿ ಇರಬಹುದು. ಮಾಲೀಕರು ಬೇಡವೆಂದರೆ ಅದಕ್ಕೂ ಮುಂಚೆಯೇ ಎದ್ದು ಬರಬೇಕು. 2004ರಿಂದ ಒಳಗೆ ಹೊಗೆ ಇಲ್ಲ.

ವಾರ ಮುಗಿದ ಮೇಲೆ ಇಷ್ಟವಾದ ಒಂದು ಜಾಗ, ಒಂದು ದಿನ ಆರಿಸಿ, ಒಂದೂವರೆ ತಿಂಗಳು ಅದೇ ದಿನ, ಅದೇ ಹೊತ್ತಿಗೆ, ಸಾಧ್ಯವಾದರೆ ಅದೇ ಸ್ಟೂಲಿಗೆ ಹೋಗಿ. ಏಳು ಜಾಗಕ್ಕೆ ಒಂದೊಂದು ಸಲ ಹೋದವನು ಏಳೂ ಕಡೆ ಹೊಸಬ. ಒಂದೇ ಜಾಗಕ್ಕೆ ಏಳು ಸಲ ಹೋದವನನ್ನು ಕೌಂಟರಿನವರು ಕೇಳದೆಯೇ ಗುರುತಿಸುತ್ತಾರೆ, ವಾದಕರು ತಲೆಯಾಡಿಸುತ್ತಾರೆ, ಒಂದು ವಾರ ತಪ್ಪಿಸಿದರೆ 'ಹೋದ ವಾರ ಕಾಣಲಿಲ್ಲವಲ್ಲ' ಅನ್ನುವ ಮಾತು ಬರುತ್ತದೆ. ಹೊರಗೆ ಹೋಗುವುದರ ಪ್ರಯೋಜನ ಆ ಮಾತಿನಲ್ಲಿದೆ, ಮನೆಯೊಳಗಿನ ಸ್ಪೀಕರ್ ಎಷ್ಟೇ ಒಳ್ಳೆಯದಿದ್ದರೂ ಅದನ್ನು ಕೇಳುವುದಿಲ್ಲ. ಮಾತು ಶುರು ಮಾಡಲು ಸುಲಭವಾದ ಪ್ರಶ್ನೆ: ಈಗ ನುಡಿಸಿದ ಟ್ಯೂನ್ ಹೆಸರೇನು? ಅರ್ಧದಷ್ಟು ಸಲ ನುಡಿಸಿದವರಿಗೇ ಗೊತ್ತಿರುವುದಿಲ್ಲ, ಪಕ್ಕದವರನ್ನು ಕೇಳುತ್ತಾರೆ, ಅವರು ಬೇರೆ ಹೆಸರು ಹೇಳುತ್ತಾರೆ, ಮಾತು ಬೆಳೆಯುತ್ತದೆ.

ಕುಡಿಯದಿರುವುದು ಸಮಸ್ಯೆಯೇ ಅಲ್ಲ. ಆಲ್ಕೊಹಾಲ್ ಇಲ್ಲದ ಬಿಯರು, ಸೋಡಾ, ಹಲವು ಕಡೆ ಚಹಾ ಕೂಡ ಸಿಗುತ್ತದೆ. ಕಾರಣ ಯಾರೂ ಕೇಳುವುದಿಲ್ಲ, ನೀವೂ ವಿವರಿಸಬೇಡಿ. ಎಚ್ಚರ ಬೇಕಾದ್ದು 'ರೌಂಡ್' ಪದ್ಧತಿಯಲ್ಲಿ: ಗುಂಪಿನಲ್ಲಿ ಒಬ್ಬರು ಎಲ್ಲರಿಗೂ ಕೊಡಿಸಿದರೆ ಮುಂದಿನ ಸರದಿ ನಿಮಗೂ ಬರುತ್ತದೆ. ಒಂದು ಸೋಡಾ ಕುಡಿದು ಐದು ಪೈಂಟ್ ಕೊಡಿಸಲು ಮನಸ್ಸಿಲ್ಲದಿದ್ದರೆ ಮೊದಲ ಸಲವೇ 'ನನ್ನದು ನಾನೇ ತರುತ್ತೇನೆ' ಅನ್ನಿ. ಕುಡಿದು ಮುಗಿಸಿ ಸದ್ದಿಲ್ಲದೆ ಎದ್ದು ಹೋದರೆ ಮಾತ್ರ ಹೆಸರು ಕೆಡುತ್ತದೆ. ಸೆಷನ್‌ಗೆ ಟಿಕೆಟ್ ಇಲ್ಲವಾದ್ದರಿಂದ ಸಂಜೆಗೆ ಎರಡು ಲೋಟವಾದರೂ ಕೊಳ್ಳುವುದು ಮರ್ಯಾದೆ. ಊಟ ಮನೆಯಲ್ಲೇ ಮುಗಿಸಿ ಹೊರಡಿ. ಅಡುಗೆಮನೆ ಇರುವ ಪಬ್‌ಗಳಲ್ಲೂ ಒಂಬತ್ತರ ಹೊತ್ತಿಗೆ ಒಲೆ ಆರಿರುತ್ತದೆ, ಸಸ್ಯಾಹಾರಿಗಳಿಗೆ ಉಳಿಯುವುದು ಚಿಪ್ಸು.

ವಾದ್ಯ ಬರುತ್ತದೆಯೇ? ಕರ್ನಾಟಕ ಪಿಟೀಲಾದರೆ ತಂತಿಗಳನ್ನು ಸ-ಪ-ಸ-ಪ ಶ್ರುತಿಯಿಂದ ಜಿ-ಡಿ-ಎ-ಇಗೆ ತಿರುಗಿಸಬೇಕು, ಕುರ್ಚಿಯಲ್ಲಿ ಕೂತು ಭುಜಕ್ಕೆ ಹಿಡಿಯುವುದನ್ನು ಕಲಿಯಬೇಕು. ಮೃದಂಗ ಮನೆಯಲ್ಲೇ ಇರಲಿ: ಅದು ಒಂದೇ ಶ್ರುತಿಗೆ ಕಟ್ಟಿದ ವಾದ್ಯ, ಇವರು ಐದು ನಿಮಿಷದಲ್ಲಿ ಡಿ ಇಂದ ಜಿ, ಜಿ ಇಂದ ಎಗೆ ಹೋಗುತ್ತಾರೆ. ಇವರ ಚರ್ಮವಾದ್ಯ ಬೌರಾನ್ ಕೂಡ ಒಂದು ಸಲಕ್ಕೆ ಒಂದೇ ಇರಬೇಕು ಅನ್ನುವುದು ಅಲಿಖಿತ ನಿಯಮ. ಏನೂ ಬಾರದಿದ್ದರೆ ಡಿ ಶ್ರುತಿಯ ಟಿನ್ ವಿಸಲ್ ಕೊಳ್ಳಿ: ಆರು ತೂತು, ಎರಡು ಸ್ಥಾಯಿ, ಹದಿನೈದು ಯೂರೋ ಸುಮಾರು. ನಿಮಗೆ ಬರುವ ಟ್ಯೂನ್ ಬಂದಾಗ ಮಾತ್ರ ಮೆಲ್ಲಗೆ ಸೇರಿ, ಬಾರದಿದ್ದಾಗ ಸುಮ್ಮನಿರಿ. ಗಂಭೀರವಾಗಿ ಹಿಡಿದುಬಿಟ್ಟರೆ ಜುಲೈ ಮೊದಲ ವಾರ ಕ್ಲೇರ್ ಕೌಂಟಿಯ ಮಿಲ್‌ಟೌನ್ ಮಾಲ್‌ಬೇಗೆ ಹೋಗಿ. 1973ರಿಂದ ನಡೆಯುತ್ತಿರುವ ವಿಲಿ ಕ್ಲಾನ್ಸಿ ಬೇಸಿಗೆ ಶಾಲೆ ಅಲ್ಲಿದೆ, ಕೋಣೆ ತಿಂಗಳುಗಟ್ಟಲೆ ಮೊದಲೇ ಹಿಡಿಯಬೇಕು.

ವಾಪಸು ಬರುವುದು: ಲೀಪ್ ಕಾರ್ಡ್ (ಬಸ್ಸು, ಟ್ರಾಮುಗಳ ಪ್ರಯಾಣದ ಕಾರ್ಡು) ಇದ್ದರೆ ದೊಡ್ಡವರಿಗೆ ಎರಡು ಯೂರೋಗೆ 90 ನಿಮಿಷ, ಅಷ್ಟರಲ್ಲಿ ಬಸ್ಸಿಂದ ಲುವಾಸ್‌ಗೆ ಬದಲಾಯಿಸಿದರೂ ಮತ್ತೆ ಹಣ ಕಟ್ಟುವುದಿಲ್ಲ. ಪಬ್ ಮುಚ್ಚುವುದು ಸೋಮವಾರದಿಂದ ಗುರುವಾರ ಹನ್ನೊಂದೂವರೆಗೆ, ಶುಕ್ರವಾರ ಶನಿವಾರ ಹನ್ನೆರಡೂವರೆಗೆ, ಭಾನುವಾರ ಹನ್ನೊಂದಕ್ಕೆ. ಲೋಟ ಖಾಲಿ ಮಾಡಲು ಇನ್ನೂ ಅರ್ಧ ಗಂಟೆ ಕೊಡುತ್ತಾರೆ. ಸೆಷನ್ ಕಾವೇರುವುದು ಹತ್ತರ ಮೇಲೆ, ಕೊನೆಯ ಲುವಾಸ್ ತಪ್ಪುವುದೂ ಅದರಿಂದಲೇ. ನಿಮ್ಮ ಕಡೆಗೆ 24 ಗಂಟೆ ಓಡುವ ಬಸ್ ಮಾರ್ಗ ಇದೆಯೇ ಅಂತ ಹೊರಡುವ ಮೊದಲೇ ನೋಡಿ ಇಟ್ಟುಕೊಳ್ಳಿ.