ಓದುಗರ ಪ್ರಶ್ನೆ, ಕೋಡಿಬಾಗದ ಉತ್ತರ: ಸಣ್ಣ ಹಡಗಿನಲ್ಲಿ ಹಳೆಯ ಬಂದರುಗಳಿಗೆ

(ವ್ಯಾಪಾರಿ ಹಡಗುಗಳಲ್ಲಿ ಎಂಜಿನಿಯರ್ ಆಗಿ ದುಡಿದು, ಈಗ ಕಾರವಾರದ ಕೋಡಿಬಾಗದಲ್ಲಿ ನೆಲೆಸಿರುವ ನಮ್ಮ ಅಂಕಣಕಾರರು ಈ ಸಲ ಸಮುದ್ರಯಾನದ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯ ನಿವೃತ್ತ ಶಿಕ್ಷಕಿ. ನಮ್ಮನೆಯವರದು ಅಡಿಕೆ, ಕಾಳುಮೆಣಸಿನ ತೋಟ. ಜರ್ಮನಿಯಲ್ಲಿರುವ ಮಗಳು ಸೆಪ್ಟೆಂಬರಿನಲ್ಲಿ ನಮ್ಮಿಬ್ಬರನ್ನೂ ಕ್ರೊಯೇಷಿಯಾಕ್ಕೆ ಕರೆಯುತ್ತಿದ್ದಾಳೆ. ಸ್ಪ್ಲಿಟ್‌ನಿಂದ ಡುಬ್ರೊವ್ನಿಕ್‌ವರೆಗೆ ಮೂವತ್ತು ನಲವತ್ತು ಜನರ ಸಣ್ಣ ಹಡಗಂತೆ. ಗೋಕರ್ಣದ ದಂಡೆಯಲ್ಲಿ ನಿಂತು ನೋಡಿದ್ದು ಬಿಟ್ಟರೆ ಸಮುದ್ರ ನಮಗೆ ಗೊತ್ತಿಲ್ಲ. ಇವರಿಗೆ ಮಂಡಿನೋವು, ಇಬ್ಬರೂ ಸಸ್ಯಾಹಾರಿಗಳು. ದೊಡ್ಡ ಹಡಗೇ ಆರಾಮವಲ್ಲವೇ? ಅಲ್ಲಿ ನಾವು ಏನು ನೋಡಬೇಕು?

ಉತ್ತರ: ಅಕ್ಕೋರೇ, ಸಣ್ಣ ಹಡಗಿನಲ್ಲೇ ಹೋಗಿ. ದೊಡ್ಡ ಹಡಗಿಗೆ ಆಳವಾದ ನೀರು ಬೇಕು, ಉದ್ದದ ಧಕ್ಕೆ (ಹಡಗು ಕಟ್ಟುವ ಕಟ್ಟೆ) ಬೇಕು. ಹಾಗಾಗಿ ಅದು ಊರಿನಿಂದ ದೂರ ನಿಲ್ಲುತ್ತದೆ, ಇಲ್ಲವೇ ಹೊರಗೆ ಲಂಗರು ಹಾಕಿ ಜನರನ್ನು ಬೋಟಿನಲ್ಲಿ ದಂಡೆಗೆ ಕಳಿಸುತ್ತದೆ. ಸಣ್ಣದು ಹ್ವಾರ್, ಕೊರ್ಚುಲಾದಂಥ ದ್ವೀಪದ ಊರುಗಳಲ್ಲಿ ರಾತ್ರಿ ಧಕ್ಕೆಗೇ ಹಗ್ಗ ಕಟ್ಟುತ್ತದೆ. ಊಟ ಮುಗಿಸಿ ಇಳಿದರೆ ಹಳೇ ಪೇಟೆಯ ಬೀದಿ. ನಾನೂ ನನ್ನ ಹೆಂಡತಿಯೂ ಇದೇ ದಾರಿಯಲ್ಲಿ ಹೋಗಿ ಬಂದವರು. ಉದ್ಯೋಗದ ಕಾಲದಲ್ಲಿ ಎಂಜಿನ್ ರೂಮಿನ ಕೆಳಗಿದ್ದು ನಾನು ಕಾಣದೇ ಹೋದ ಬಂದರುಗಳನ್ನೆಲ್ಲ ಆಗ ಡೆಕ್ಕಿನ ಮೇಲೆ ಕೂತು ನೋಡಿದೆ.

ಆದರೆ ಮಂಡಿನೋವಿನ ವಿಷಯ ಮಗಳ ಹತ್ತಿರ ಈಗಲೇ ಮಾತಾಡಿ. ಇಂಥ ಹೆಚ್ಚಿನ ಹಡಗುಗಳಲ್ಲಿ ಲಿಫ್ಟ್ ಇರುವುದಿಲ್ಲ, ಒಳಗಿನ ಮೆಟ್ಟಿಲು ಕಡಿದು. ಜಾಗ ಸಾಲದಾಗ ಹಡಗುಗಳನ್ನು ಒಂದರ ಮಗ್ಗುಲಿಗೆ ಇನ್ನೊಂದರಂತೆ ಕಟ್ಟುತ್ತಾರೆ. ಪಕ್ಕದ ಹಡಗಿನ ಡೆಕ್ಕನ್ನು ದಾಟಿ ದಂಡೆಗೆ ಹೋಗಬೇಕಾಗುತ್ತದೆ. ಕೆಳಗಿನ ಕ್ಯಾಬಿನ್ ಅಗ್ಗವೆಂದು ತೆಗೆದುಕೊಳ್ಳಬೇಡಿ, ಮುಖ್ಯ ಡೆಕ್ಕಿನ ಮಟ್ಟದಲ್ಲಿರುವುದನ್ನೇ ಕೇಳಿ. ಸಸ್ಯಾಹಾರವನ್ನು ಬುಕಿಂಗ್ ಮಾಡುವಾಗಲೇ ಬರೆಸಿ. ಮೀನು ಕೂಡ ಬೇಡ ಎಂದು ಬಿಡಿಸಿ ಬರೆಸಿ. ಸೊಪ್ಪು ಆಲೂಗಡ್ಡೆ ಬೇಯಿಸಿ ಆಲಿವ್ ಎಣ್ಣೆ ಹಾಕಿದ ಬ್ಲಿಟ್ವಾ ಎಲ್ಲ ಕಡೆ ಸಿಗುತ್ತದೆ, ನಿಮಗೆ ಸೇರುತ್ತದೆ. ಕಪ್ಪು ಬಣ್ಣದ ಅನ್ನ ಕಂಡರೆ ಮುಟ್ಟಬೇಡಿ. ಆ ಬಣ್ಣ ಬೊಂಡಾಸಿನ (ಸ್ಕ್ವಿಡ್) ಜಾತಿಯ ಸಮುದ್ರಪ್ರಾಣಿಯ ಶಾಯಿಯದು.

ವೀಸಾ: ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್ ಕೂಟದಲ್ಲಿದೆ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು), ಅಂದಿನಿಂದ ಯೂರೋ ಚಲಾವಣೆಯೂ ಇದೆ. ಹೆಚ್ಚು ದಿನ ಯಾವ ದೇಶದಲ್ಲಿ ಇರುತ್ತೀರೋ ಆ ದೇಶದ ವೀಸಾಕ್ಕೆ ಅರ್ಜಿ ಹಾಕಬೇಕು. ಮಗಳ ಮನೆಯಲ್ಲೇ ಹೆಚ್ಚು ದಿನವಾದರೆ ಜರ್ಮನಿಯದು. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ಆರೋಗ್ಯ ವಿಮೆ ಬೇಕೇ ಬೇಕು.

ಇನ್ನು, ಏನು ನೋಡಬೇಕೆಂದು ಕೇಳಿದ್ದೀರಿ. ಗೈಡುಗಳು ಚರ್ಚು, ಗೋಪುರ, ದೊರೆಗಳ ಹೆಸರು ಹೇಳುತ್ತಾರೆ, ಕೇಳಿಸಿಕೊಳ್ಳಿ. ಅದರ ಜೊತೆ ಪ್ರತಿ ಬಂದರಿನಲ್ಲೂ ಸಮುದ್ರಕ್ಕೆ ಬೆನ್ನು ಮಾಡಿ ನಿಂತು ಹಿಂದಿರುವ ಗುಡ್ಡ ನೋಡಿ. ಆ ಗುಡ್ಡದಿಂದ ಯಾವ ಸರಕು ಇಳಿಯುತ್ತಿತ್ತು, ಇಲ್ಲಿಂದ ಏನು ಏರುತ್ತಿತ್ತು, ಕುಡಿಯುವ ಸಿಹಿನೀರು ಎಲ್ಲಿಂದ ಬರುತ್ತಿತ್ತು ಎಂದು ಕೇಳಿ. ಘಟ್ಟದ ಮೇಲೆ ಮೆಣಸು ಬೆಳೆಯುವ ನಿಮಗೆ ಇದು ಬೇರೆ ಯಾವ ಪ್ರವಾಸಿಗಿಂತ ಬೇಗ ಅರ್ಥವಾಗುತ್ತದೆ.

ಡುಬ್ರೊವ್ನಿಕ್ ಹಿಂದೆ ರಗೂಸಾ ಎಂಬ ಪುಟ್ಟ ಗಣರಾಜ್ಯ. 1808ರಲ್ಲಿ ಫ್ರೆಂಚರು ಮುಗಿಸುವವರೆಗೂ ತನ್ನ ಕಾಲ ಮೇಲೆ ನಿಂತಿತ್ತು. ಅದರ ಬೆನ್ನಿಗಿರುವ ಬೆಟ್ಟಗಳನ್ನು ದಾಟಿ ಬಾಸ್ನಿಯಾ, ಸೆರ್ಬಿಯಾದ ಗಣಿಗಳ ಬೆಳ್ಳಿ, ಸೀಸ, ಜೊತೆಗೆ ಚರ್ಮ, ಮೇಣ ಇಳಿಯುತ್ತಿದ್ದವು. ಕುದುರೆಗಳ ಬೆನ್ನ ಮೇಲೆ ಉಪ್ಪು ಏರುತ್ತಿತ್ತು. ಆ ಉಪ್ಪಿನ ಬಹುಪಾಲು ಸ್ಟೋನ್ ಎಂಬಲ್ಲಿಯದು. 1333ರಲ್ಲಿ ಪೆಲ್ಯೆಶಾಟ್ಸ್ ಎಂಬ ಆ ಪರ್ಯಾಯದ್ವೀಪ ಕೈಗೆ ಬಂದ ಮೇಲೆ ಗಣರಾಜ್ಯ ಸ್ಟೋನಿನ ಸುತ್ತ ಸುಮಾರು ಐದೂವರೆ ಕಿಲೋಮೀಟರ್ ಕೋಟೆಗೋಡೆ ಕಟ್ಟಿತು. ಉಪ್ಪಿನ ವರಮಾನ ಅಷ್ಟು ದೊಡ್ಡದಾಗಿತ್ತು. ನಿಮ್ಮ ಹಡಗಿನ ಪಟ್ಟಿಯಲ್ಲಿ ಸ್ಟೋನ್ ಇಲ್ಲದಿದ್ದರೂ ಡುಬ್ರೊವ್ನಿಕ್‌ನಿಂದ ಬಸ್ಸಿನಲ್ಲಿ ಹೋಗಿ ಬನ್ನಿ. ಅಲ್ಲಿನ ಉಪ್ಪಿನ ಪಾತಿಗಳ ಬದುವಿನ ಮೇಲೆ ನಿಂತಾಗ ನನಗೆ ಗೋಕರ್ಣದ ಹತ್ತಿರದ ಸಾಣಿಕಟ್ಟಾ ಕಣ್ಣ ಮುಂದೆ ಬಂತು. ಅದೇ ಬಿಸಿಲು, ಅದೇ ಚೌಕ ಪಾತಿ, ನೀರನ್ನು ಒಂದರಿಂದ ಇನ್ನೊಂದಕ್ಕೆ ಬಿಡುವ ಅದೇ ಕ್ರಮ.

ನೀರಿನ ಮಾತಿಗೆ ಬಂದರೆ, ಡುಬ್ರೊವ್ನಿಕ್‌ನ ಪಶ್ಚಿಮದ ಬಾಗಿಲು ದಾಟಿದ ಕೂಡಲೇ ದುಂಡನೆಯ ದೊಡ್ಡ ಕಾರಂಜಿ ಸಿಗುತ್ತದೆ. ಸುಮಾರು 12 ಕಿಲೋಮೀಟರ್ ದೂರದಿಂದ ಕಾಲುವೆಯಲ್ಲಿ ತಂದ ನೀರು, 1438ರ ಕೆಲಸ. ಪೂರ್ವದ ಬಾಗಿಲ ಹೊರಗಿನ ಲಾಜಾರೆಟಿ ಕಟ್ಟಡಗಳನ್ನೂ ಬಿಡಬೇಡಿ, ಹೊರಗಿನಿಂದ ಬಂದವರನ್ನು ರೋಗದ ಭಯಕ್ಕೆ ಪ್ರತ್ಯೇಕವಾಗಿ ಇರಿಸುತ್ತಿದ್ದ ಜಾಗ ಅದು. ಪ್ಲೇಗ್ ಇರುವ ಕಡೆಯಿಂದ ಬಂದವರು ಊರ ಹೊರಗೆ ಒಂದು ತಿಂಗಳು ಕಳೆದ ಮೇಲೆಯೇ ಒಳಗೆ ಬರಬೇಕೆಂದು ಈ ಊರು 1377ರಲ್ಲೇ ಕಾನೂನು ಮಾಡಿತ್ತು.

ಒಂದು ಮಾತು ಮಾತ್ರ ಮರೆಯಬೇಡಿ: ಡುಬ್ರೊವ್ನಿಕ್‌ನಲ್ಲಿ ಸಣ್ಣ ಹಡಗುಗಳೂ ಸಾಮಾನ್ಯವಾಗಿ ಗ್ರೂಷ್ ಎಂಬ ಹೊಸ ಬಂದರಿನಲ್ಲೇ ನಿಲ್ಲುತ್ತವೆ. ಕೋಟೆಯೊಳಗಿನ ಹಳೇ ಬಂದರಿಗೆ ಹೋಗಿ, ಅಲ್ಲಿಂದ ಎದುರಿನ ಲೊಕ್ರುಮ್ ದ್ವೀಪಕ್ಕೆ ಹೊರಡುವ ದೋಣಿ ಹತ್ತಿ. ಕಾಲು ಗಂಟೆಯ ಹಾದಿ. ವಾಪಸು ಬರುವಾಗ ದೋಣಿಯ ಮುಂದುಗಡೆ ಕೂತುಕೊಳ್ಳಿ. ಸರಕು ಹೊತ್ತು ಬಂದ ನಾವಿಕನಿಗೆ ಊರು ಹೇಗೆ ಕಾಣುತ್ತಿತ್ತೋ ಹಾಗೆ ಕಾಣುತ್ತದೆ. ಕೋಟೆಗೋಡೆಯ ಮೇಲಿನ ಸುತ್ತು ಸುಮಾರು ಎರಡು ಕಿಲೋಮೀಟರ್, ಮೆಟ್ಟಿಲೇ ಮೆಟ್ಟಿಲು. ಅದನ್ನು ನೀವೂ ಮಗಳೂ ಸುತ್ತಿ, ಯಜಮಾನರು ಹಳೇ ಬಂದರಿನ ಕಟ್ಟೆಯ ಮೇಲೆ ಕೂತಿರಲಿ. ಸ್ಪ್ಲಿಟ್‌ನಲ್ಲಿ ರೋಮನ್ ದೊರೆ ಡಯೊಕ್ಲೀಷನ್‌ನ ಅರಮನೆಯ ಸಮುದ್ರ ಬಾಗಿಲು, ನೆಲಮಾಳಿಗೆ. ಹ್ವಾರ್‌ನಲ್ಲಿ ಯುದ್ಧದ ಹಡಗು ರಿಪೇರಿ ಮಾಡುತ್ತಿದ್ದ ಕಟ್ಟಡ, ಅದರ ಮಾಳಿಗೆಯಲ್ಲಿ 1612ರ ನಾಟಕಶಾಲೆ. ಕೊರ್ಚುಲಾದಲ್ಲಿ ಮಾರ್ಕೊ ಪೋಲೊ ಹುಟ್ಟಿದ ಮನೆ ಎಂದು ತೋರಿಸುತ್ತಾರೆ. ಅದಕ್ಕೆ ಗಟ್ಟಿ ಪುರಾವೆ ಇಲ್ಲ, ಟಿಕೆಟ್ಟಿಗೆ ಹಣ ಹಾಕಬೇಕಾಗಿಲ್ಲ.

ಪ್ರಶ್ನೆ: ನಾನು ಕುಮಟಾದ ಕಾಲೇಜು ವಿದ್ಯಾರ್ಥಿ. ಕಾರವಾರದಿಂದ ಭಟ್ಕಳದವರೆಗೆ ನಮ್ಮ ಹಳೆಯ ಬಂದರುಗಳನ್ನು ನೀರಿನ ಕಡೆಯಿಂದ ನೋಡುವ ದಾರಿ ಇದೆಯೇ? ಪ್ರವಾಸಿ ಹಡಗಿಗೆ ಕೊಡುವಷ್ಟು ಹಣ ನನ್ನಲ್ಲಿಲ್ಲ.

ಉತ್ತರ: ತಮ್ಮಾ, ನಿನ್ನ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ನಮ್ಮ ಹಳೇ ಬಂದರುಗಳಿಗೆ ಹಡಗೇ ಬೇಕಿಲ್ಲ, ನದಿ ದಾಟಿಸುವ ತಾರಿ ಸಾಕು. ಮಳೆಗಾಲದ ಅಲೆಗೆ ಬಯಲಾದ ದಂಡೆಯಲ್ಲಿ ಪಡಾವು ಉಳಿಯುವುದಿಲ್ಲ. ಅದಕ್ಕೇ ನಮ್ಮವರು ಅಳಿವೆ (ನದಿ ಕಡಲು ಸೇರುವ ಬಾಯಿ) ದಾಟಿ ನದಿಯ ಒಳಗೆ ಹೋಗಿ ಬಂದರು ಮಾಡಿಕೊಂಡರು.

ನಿನ್ನ ಮನೆಯ ಹತ್ತಿರದಿಂದಲೇ ಶುರು ಮಾಡು. ತದಡಿಯಲ್ಲಿ ಅಘನಾಶಿನಿಯನ್ನು ಬಾರ್ಜಿನಲ್ಲಿ ದಾಟು; ಅಳಿವೆ ಎಷ್ಟು ಕಿರಿದು, ಒಳಗಿನ ನೀರು ಎಷ್ಟು ಅಗಲ ಎಂಬುದು ಆ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಅಲ್ಲಿಂದ ಮೇಲೆ ಮಿರ್ಜಾನ್ ಕೋಟೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆಯುತ್ತಿದ್ದರು. ಆಕೆಯ ಹೆಸರು ಈ ಕೋಟೆಗೂ ಅಂಟಿಕೊಂಡಿದೆ. ಅಲ್ಲಿ ಉತ್ಖನನ ಮಾಡಿದಾಗ ಚೀನಾದ ಪಿಂಗಾಣಿ ಚೂರುಗಳು ಸಿಕ್ಕಿವೆ. ಘಟ್ಟದ ಮೆಣಸು ಎಲ್ಲಿಯವರೆಗೆ ನಂಟು ಬೆಳೆಸಿತ್ತು ನೋಡು.

ನಿನ್ನ ಕುಮಟೆಯೂ ಸಣ್ಣದಲ್ಲ. ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟ ಇಳಿದು ಇಲ್ಲಿಂದ ಮುಂಬಯಿಗೆ ಹೋಗುತ್ತಿತ್ತು. ಆ ಹತ್ತಿಗೆ ವ್ಯಾಪಾರದಲ್ಲಿ ಕುಮಟಾ ಹತ್ತಿ ಎಂದೇ ಹೆಸರು. 1862ರಲ್ಲಿ ನಮ್ಮ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು, ಬ್ರಿಟಿಷರ ಗಮನ ಕಾರವಾರದ ಬಂದರಿನ ಮೇಲೆ ಬಿತ್ತು. 1864ರಲ್ಲಿ ದೇವಗಡ ದ್ವೀಪದಲ್ಲಿ ದೀಪಸ್ತಂಭ ಉರಿಯಿತು. ಆದರೆ 1880ರ ದಶಕದ ಕೊನೆಗೆ ಮರ್ಮಗೋವಾದಿಂದ ಘಟ್ಟ ಹತ್ತಿದ ರೈಲು ಹುಬ್ಬಳ್ಳಿ ಕಡೆಯ ಸರಕನ್ನು ಅತ್ತ ಎಳೆದುಕೊಂಡಿತು. ನಮ್ಮ ಕಡಲು ಅಲ್ಲೇ ಇತ್ತು, ಘಟ್ಟದ ದಾರಿ ಕೈತಪ್ಪಿತು. ಈ ಕಥೆಯನ್ನು ನಿನ್ನಂಥವರು ಊರ ಹಿರಿಯರಿಂದ ಕೇಳಿ ಬರೆದಿಡಬೇಕು ಎಂಬುದು ನನ್ನ ಬಹುದಿನದ ಆಸೆ.

ಹೊನ್ನಾವರದಲ್ಲಿ ಶರಾವತಿಯ ಹಿನ್ನೀರಿಗೆ ದೋಣಿಗಳು ಸಿಗುತ್ತವೆ. 14ನೇ ಶತಮಾನದಲ್ಲಿ ಅಲ್ಲಿಗೆ ಬಂದ ಇಬ್ನ್ ಬತೂತ ಆ ಊರಿನಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡೆನೆಂದು ಹೇಳಿದ್ದಾನೆ. ಬಂದರಿನ ಹಣ ಓದಿಗೂ ಹೋಗಿತ್ತು. ವಿಜಯನಗರಕ್ಕೆ ಅರಬ್ಬಿ ಕುದುರೆಗಳು ಇಳಿಯುತ್ತಿದ್ದ ಭಟ್ಕಳವನ್ನು ಕಾಲ್ನಡಿಗೆಯಲ್ಲೇ ನೋಡು. ಕಾರವಾರಕ್ಕೆ ಬಂದರೆ ಸದಾಶಿವಗಡದ ಗುಡ್ಡ ಹತ್ತು, ಕಾಳಿ ನದಿಯ ಅಳಿವೆ ಇಡೀ ಕಾಣುತ್ತದೆ. ಆ ಗುಡ್ಡದ ಕೋಟೆ ಕಟ್ಟಿಸಿದವರು ಘಟ್ಟದ ಮೇಲಿನ ಸೋಂದೆಯ ಅರಸರು. ಇಂಗ್ಲಿಷರು 1638ರಲ್ಲಿ ಕಾರವಾರದಲ್ಲಿ ವ್ಯಾಪಾರದ ಕೋಠಿ ತೆರೆದದ್ದೂ ಘಟ್ಟದ ಮೆಣಸಿನ ಆಸೆಗೆ. 1498ರಲ್ಲಿ ವಾಸ್ಕೋ ಡ ಗಾಮ ಮರುಪ್ರಯಾಣದಲ್ಲಿ ಸಿಹಿನೀರಿಗೆಂದೂ ಹಡಗು ರಿಪೇರಿಗೆಂದೂ ನಿಂತ ಅಂಜದೀವ್ ದ್ವೀಪ ಈಗ ನೌಕಾಪಡೆಯ ವಶದಲ್ಲಿದೆ, ಅಲ್ಲಿಗೆ ಪ್ರವೇಶವಿಲ್ಲ. ದೋಣಿಯಲ್ಲಿ ದ್ವೀಪಕ್ಕೇ ಹೋಗಬೇಕೆಂದಿದ್ದರೆ ಜನವರಿ ಹೊತ್ತಿಗೆ ಬರುವ ಕೂರ್ಮಗಡದ ನರಸಿಂಹ ಜಾತ್ರೆಗೆ ಬಾ. ಲೈಫ್ ಜಾಕೆಟ್ ಕೊಡದ, ಜನ ತುಂಬಿಸಿಕೊಂಡ ದೋಣಿಯನ್ನು ಮಾತ್ರ ಯಾರು ಕರೆದರೂ ಹತ್ತಬೇಡ.

ಪ್ರಶ್ನೆ: ಹುಬ್ಬಳ್ಳಿಯಿಂದ ಜೂನ್ ಕೊನೆಯಲ್ಲಿ ಮಕ್ಕಳೊಂದಿಗೆ ಕಾರವಾರಕ್ಕೆ ಬರುತ್ತಿದ್ದೇವೆ. ಸಮುದ್ರದಲ್ಲಿ ದೋಣಿ ವಿಹಾರ ಸಾಧ್ಯವೇ?

ಉತ್ತರ: ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೇ ನಿಷೇಧವಿದೆ; ಮೀನಿನ ಸಂತಾನಕ್ಕೂ ಮನುಷ್ಯರ ಜೀವಕ್ಕೂ ಅದು ಒಳ್ಳೆಯದು. ಆಗ ಅಳಿವೆಯಲ್ಲಿ ನದಿಯ ಪ್ರವಾಹವೂ ಕಡಲ ಅಲೆಯೂ ಎದುರುಬದುರಾಗುತ್ತವೆ. ಬೈತಖೋಲದ ಮೀನುಗಾರಿಕಾ ಬಂದರಿನಲ್ಲಿ ದಂಡೆಗೆ ಬಂದು ನಿಂತ ಬೋಟುಗಳನ್ನು, ಬಲೆ ಹೊಲಿಯುವವರನ್ನು ಮಕ್ಕಳಿಗೆ ತೋರಿಸಿ. ಟಾಗೋರ್ ಕಡಲತೀರದಲ್ಲಿ ಚಪಲ್ ಎಂಬ ಯುದ್ಧನೌಕೆಯ ಸಂಗ್ರಹಾಲಯವಿದೆ, ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೋಗಿ. ದೋಣಿಗಾದರೆ ನವೆಂಬರ್ ನಂತರ ಬನ್ನಿ.