ಮೈಸೂರು ಜಿಲ್ಲೆಯ ಕೆ.ಆರ್.ನಗರದವರು ಮಂಡ್ಯದ ಎಂ.ಪಿ.ಗೆ ಓಟು ಹಾಕುವುದೇಕೆ?

ನಿಮ್ಮ ಊರು ಕೆ.ಆರ್.ನಗರ, ಕೆಲಸಕ್ಕೆ ಹೋಗುವ ಡಿ.ಸಿ. ಕಚೇರಿ ಮೈಸೂರಿನಲ್ಲಿ, ಎಂ.ಪಿ. ಮಾತ್ರ ಮಂಡ್ಯಕ್ಕೆ. ಈ ಗೆರೆ ಎಳೆದವರು ಯಾರು, ಯಾವ ಲೆಕ್ಕದಲ್ಲಿ ಎಂದು ಕೇಳಿದ್ದೀರಿ. ನಾನು ಮಳವಳ್ಳಿ ತಾಲ್ಲೂಕಿನ ಕಿರುಗಾವಲು ಕಡೆಯವನು. ನಮ್ಮೂರ ಹೆಸರಿನಲ್ಲೇ ಒಂದು ವಿಧಾನಸಭಾ ಕ್ಷೇತ್ರವಿತ್ತು; 2008ರ ಚುನಾವಣೆಯ ಹೊತ್ತಿಗೆ ಅದು ಇಲ್ಲವಾಯಿತು. ಆ ಬೇಸರದಲ್ಲೇ ಕೂತು ಈ ಲೆಕ್ಕ ಕಲಿತೆ.

ಗೆರೆ ಎಳೆದದ್ದು ಸರ್ಕಾರವಲ್ಲ, ಕ್ಷೇತ್ರ ಪುನರ್‌ವಿಂಗಡಣಾ ಆಯೋಗ. ಈಗಿರುವ ಗಡಿಗಳು 2002ರ ಕಾಯ್ದೆಯಡಿ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ ಮಾಡಿದ್ದು. ಅದು 2001ರ ಜನಗಣತಿಯನ್ನು ಆಧಾರವಾಗಿ ಇಟ್ಟುಕೊಂಡಿತು. ರಾಜ್ಯಕ್ಕೆ ಎಷ್ಟು ಎಂ.ಪಿ. ಸ್ಥಾನ ಎಂಬುದನ್ನು ಮಾತ್ರ ಆಯೋಗ ಮುಟ್ಟುವಂತಿರಲಿಲ್ಲ. ನಮ್ಮ 28 ಸ್ಥಾನ 1971ರ ಜನಗಣತಿಯ ಮೇಲೆ ನಿಂತದ್ದು. 2026ರ ನಂತರದ ಮೊದಲ ಜನಗಣತಿವರೆಗೆ ಅದು ಹಾಗೇ ಇರಲಿ ಎಂದು ಸಂವಿಧಾನದ 84ನೇ ತಿದ್ದುಪಡಿ ಹೇಳಿತು.

ಈಗ ಲೆಕ್ಕಕ್ಕೆ ಬನ್ನಿ. 2001ರಲ್ಲಿ ಕರ್ನಾಟಕದ ಜನಸಂಖ್ಯೆ ಸುಮಾರು 5.28 ಕೋಟಿ. 224 ವಿಧಾನಸಭಾ ಕ್ಷೇತ್ರಕ್ಕೆ ಹಂಚಿದರೆ ಒಂದಕ್ಕೆ ಸುಮಾರು 2.36 ಲಕ್ಷ. ಎಂಟು ವಿಧಾನಸಭಾ ಕ್ಷೇತ್ರ ಸೇರಿದರೆ ಒಂದು ಲೋಕಸಭಾ ಕ್ಷೇತ್ರ. ಮಂಡ್ಯ ಜಿಲ್ಲೆಯಲ್ಲಿ ಆಗ ಇದ್ದವರು 17.6 ಲಕ್ಷ, 2.36ರಿಂದ ಭಾಗಿಸಿ ನೋಡಿ, ಏಳೂವರೆಗೂ ಮುಟ್ಟುವುದಿಲ್ಲ. ಹಾಗಾಗಿ ಒಂಬತ್ತಿದ್ದ ಕ್ಷೇತ್ರ ಏಳಾಯಿತು. ಕಿರುಗಾವಲು ಹೋಯಿತು, ಕೆರಗೋಡೂ ಹೋಯಿತು. ಮೈಸೂರು ಜಿಲ್ಲೆಗೆ ಇದೇ ಲೆಕ್ಕದಲ್ಲಿ 11, ಚಾಮರಾಜನಗರಕ್ಕೆ 4, ಕೊಡಗಿಗೆ 2. ನಾಲ್ಕು ಜಿಲ್ಲೆ ಕೂಡಿಸಿದರೆ 24, ಅಂದರೆ ಸರಿಯಾಗಿ ಮೂರು ಲೋಕಸಭಾ ಕ್ಷೇತ್ರ!

ಕೊರತೆ ಇದ್ದಲ್ಲೆಲ್ಲ ತುಂಬಿಕೊಟ್ಟದ್ದು ನಿಮ್ಮ ಮೈಸೂರು ಜಿಲ್ಲೆ. ಚಾಮರಾಜನಗರಕ್ಕೆ ನಾಲ್ಕು ಸಾಲದು. ವರುಣ, ನಂಜನಗೂಡು, ತಿ.ನರಸೀಪುರ, ಎಚ್.ಡಿ.ಕೋಟೆ ಅತ್ತ ಹೋದವು. ಮೊದಲು ಮಂಗಳೂರು ಲೋಕಸಭಾ ಕ್ಷೇತ್ರದಲ್ಲಿದ್ದ ಕೊಡಗಿನ ಎರಡಕ್ಕೆ ಮೈಸೂರು ಕಡೆಯ ಆರು ಜೊತೆಯಾದವು. ಮಂಡ್ಯಕ್ಕೆ ಬೇಕಿದ್ದದ್ದು ಒಂದೇ. ಕೆ.ಆರ್.ಪೇಟೆ, ಪಾಂಡವಪುರಕ್ಕೆ ಅಂಟಿಕೊಂಡಿರುವ ಕೆ.ಆರ್.ನಗರ ಆ ಎಂಟನೆಯದಾಯಿತು. ಲೋಕಸಭಾ ಕ್ಷೇತ್ರ ಜಿಲ್ಲೆಯ ಗಡಿ ದಾಟಬಹುದು, ಆದರೆ ಒಂದು ವಿಧಾನಸಭಾ ಕ್ಷೇತ್ರವನ್ನು ಸೀಳಿ ಎರಡು ಲೋಕಸಭಾ ಕ್ಷೇತ್ರಕ್ಕೆ ಹಂಚುವಂತಿಲ್ಲ. ಅದಕ್ಕೇ ನೀವು ಇಡಿಯಾಗಿ ಮಂಡ್ಯಕ್ಕೆ ಬಂದಿರಿ.

ಮೀಸಲು ಕ್ಷೇತ್ರಕ್ಕೂ ಆಧಾರ ಜನಸಂಖ್ಯೆಯೇ. ಪರಿಶಿಷ್ಟ ಪಂಗಡದವರ ಪ್ರಮಾಣ ಎಲ್ಲಿ ಹೆಚ್ಚೋ ಅಲ್ಲಿ ಆ ಮೀಸಲು. ಪರಿಶಿಷ್ಟ ಜಾತಿಗಾದರೆ ಪ್ರಮಾಣದ ಜೊತೆಗೆ ರಾಜ್ಯದ ಬೇರೆ ಬೇರೆ ಭಾಗಗಳಿಗೂ ಹಂಚಬೇಕು.

ನನ್ನನ್ನು ಈಗಲೂ ಕಾಡುವುದು ಇದು: ಆಯೋಗ ಮೊದಲು ಕರಡು ಪ್ರಕಟಿಸುತ್ತದೆ, ಆಕ್ಷೇಪಣೆ ಕರೆಯುತ್ತದೆ, ಸಾರ್ವಜನಿಕ ಸಭೆ ನಡೆಸುತ್ತದೆ. ರಾಜ್ಯದ ಐವರು ಎಂ.ಪಿ., ಐವರು ಎಂ.ಎಲ್.ಎ. ಸಹಸದಸ್ಯರಾಗಿ ಕೂರುತ್ತಾರೆ, ಆದರೆ ಅವರಿಗೆ ಮತ ಹಾಕುವ ಹಕ್ಕಿಲ್ಲ. ಅಂತಿಮ ಆದೇಶ ಹೊರಟ ಮೇಲೆ ಸಂಸತ್ತೂ ಅದನ್ನು ತಿದ್ದುವಂತಿಲ್ಲ. ಸಂವಿಧಾನದ 329ನೇ ವಿಧಿ ಕೋರ್ಟಿನ ದಾರಿಯನ್ನೂ ಬಹುಮಟ್ಟಿಗೆ ಮುಚ್ಚಿದೆ. ಜನ ಬಾಯಿ ಬಿಡಲು ಇರುವ ಸಮಯ ಆ ಕರಡಿನದ್ದೊಂದೇ. ನಾನು ಆಗ ಅದನ್ನು ಓದಲಿಲ್ಲ. ಆದೇಶ ಬಂದ ಮೇಲೆ ಟೀ ಅಂಗಡಿ ಮುಂದೆ ನಿಂತು ಕೊರಗಿದೆವು, ಅಷ್ಟೆ.

ಒಟ್ಟು ಸಂಖ್ಯೆಯನ್ನು ನಾವು ಬದಲಿಸಲಾಗುತ್ತಿರಲಿಲ್ಲ, ಒಪ್ಪುತ್ತೇನೆ. ಯಾವ ಊರು ಯಾವ ಕಡೆ ಎಂಬುದನ್ನಾದರೂ ಬಸ್ಸು, ಸಂತೆ, ನಾಲೆ ತೋರಿಸಿ ವಾದಿಸಬಹುದಿತ್ತು. ಭೌಗೋಳಿಕ ಲಕ್ಷಣ, ಸಂಪರ್ಕ, ಜನರ ಅನುಕೂಲ ನೋಡಬೇಕೆಂದು ಕಾಯ್ದೆಯೇ ಹೇಳುತ್ತದೆ. ಮುಂದಿನ ಕರಡು ಬಂದಾಗ ನಮ್ಮ ಹೋಬಳಿಯ ಊರುಗಳ ಪಟ್ಟಿ ಹಿಡಿದು ಆ ಸಭೆಗೆ ಹೋಗುತ್ತೇನೆ. ನೀವೂ ಕೆ.ಆರ್.ನಗರದಿಂದ ನಾಲ್ಕು ಜನರನ್ನು ಕಟ್ಟಿಕೊಂಡು ಬನ್ನಿ.