ಡ್ರ್ಯಾಗ್ ರೇಸ್‌ಗೆ 454 ಬಿಗ್ ಬ್ಲಾಕ್ ಕಟ್ಟಬೇಕು, ಮೊದಲು ಯಾವ ಪಾರ್ಟ್ಸ್ ಕೊಳ್ಳಲಿ?

ನಮಸ್ಕಾರ. ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ನೀವು ಟೆಕ್ಸಾಸ್‌ನಲ್ಲಿದ್ದೀರಿ. 1971ರ ಶೆವೆಲ್ ಕಾರು ಇದೆ. ಹಳೆಯ ಪಿಕಪ್‌ನಿಂದ ಇಳಿಸಿದ 454 ಶೆವಿ ಎಂಜಿನ್ (454 ಘನ ಇಂಚಿನ ದೊಡ್ಡ ವಿ8, ಅದೇ ಬಿಗ್ ಬ್ಲಾಕ್) ಸಿಕ್ಕಿದೆ. ಬಂಕ್ ಪೆಟ್ರೋಲಿನಲ್ಲೇ ಕಾಲು ಮೈಲಿಯನ್ನು ಹತ್ತೂವರೆ ಸೆಕೆಂಡಿಗೆ ಓಡಬೇಕು. ಒಂದು ರೇಸ್ ಕ್ಯಾಮ್‌ಶಾಫ್ಟ್ (ವಾಲ್ವ್‌ಗಳನ್ನು ತೆರೆಯುವ ದಂಡ) ಅರ್ಧ ಬೆಲೆಗೆ ಬರ್ತಿದೆ, ಈಗಲೇ ಕೊಂಡುಬಿಡಲಾ ಅಂತ ಕೇಳಿದ್ದೀರಿ.

ಬೇಡ. ಕ್ಯಾಮ್ ಕೊನೆಗೆ.

ನಾನು ಒಹಾಯೋದಲ್ಲಿದ್ದೇನೆ, ಬೇಸಿಗೆಯಲ್ಲಿ ನಾರ್ವಾಕ್ ಟ್ರ್ಯಾಕ್‌ಗೆ ಹೋಗುತ್ತೇನೆ. ನನ್ನ ಮೊದಲ ಬಿಗ್ ಬ್ಲಾಕ್‌ಗೆ ಮಾಡಿದ್ದು ಇದೇ ತಪ್ಪು. ಅಗ್ಗಕ್ಕೆ ಸಿಕ್ಕಿತೆಂದು 7500 ಆರ್‌ಪಿಎಂಗೆ ಮಾಡಿದ ದೊಡ್ಡ ಕ್ಯಾಮ್ ತಂದೆ. ಕೂರಿಸಿದ ಮೇಲೆ 4000ದ ಕೆಳಗೆ ಎಂಜಿನ್‌ಗೆ ಉಸಿರೇ ಇಲ್ಲ. ಅದಕ್ಕೆಂದು ಕನ್ವರ್ಟರ್ (ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ದ್ರವದ ಜೋಡಣೆ) ಬದಲಿಸಿದೆ. ಆಮೇಲೆ ಹಿಂದಿನ ಆಕ್ಸಲ್‌ನ ಗೇರ್. ಆಮೇಲೆ ವಾಲ್ವ್ ಸ್ಪ್ರಿಂಗ್. ಅರ್ಧ ಬೆಲೆಯ ಕ್ಯಾಮ್ ಹತ್ತು ಪಟ್ಟು ದುಡ್ಡು ತಿಂದಿತು. ನಮ್ಮ ಮಾವ ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದೆ ರೀಬೋರ್ ಅಂಗಡಿ ಇಟ್ಟುಕೊಂಡಿದ್ದರು. ಫೋನಿನಲ್ಲಿ ಕಥೆ ಕೇಳಿ "ಮಗು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದೆಯಲ್ಲೋ" ಅಂದರು.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಕಾರಿನ ತೂಕದಿಂದ. ಟ್ರ್ಯಾಕಿನವರು ಬಳಸುವ ಒಂದು ಅಂದಾಜು ಲೆಕ್ಕ ಇದೆ. ತೂಕವನ್ನು ಪೌಂಡಿನಲ್ಲಿ ತೆಗೆದುಕೊಂಡು ಹಾರ್ಸ್‌ಪವರ್‌ನಿಂದ ಭಾಗಿಸಿ, ಅದರ ಘನಮೂಲ ತೆಗೆದು 5.825ರಿಂದ ಗುಣಿಸಿದರೆ ಕಾಲು ಮೈಲಿಯ ಸಮಯ ಬರುತ್ತದೆ. ಶೆವೆಲ್ ಮತ್ತು ನೀವು ಸೇರಿ 3700 ಪೌಂಡ್ ಅಂದುಕೊಳ್ಳೋಣ. 10.5 ಸೆಕೆಂಡಿಗೆ ಸುಮಾರು 630 ಹಾರ್ಸ್‌ಪವರ್ ಬೇಕು. ಗೆರೆ ದಾಟುವಾಗ ವೇಗ 130 ಮೈಲಿ ಹತ್ತಿರ ಇರುತ್ತದೆ. ಟೈರ್ 28 ಇಂಚು, ಹಿಂದಿನ ಗೇರ್ 4.10 ಆದರೆ ಆ ವೇಗದಲ್ಲಿ ಎಂಜಿನ್ 6400 ಸುತ್ತುತ್ತಿರುತ್ತದೆ. ಕನ್ವರ್ಟರ್ ಜಾರುವುದನ್ನೂ ಸೇರಿಸಿದರೆ 6700. ಅಂದರೆ ನಿಮಗೆ ಬೇಕಾದದ್ದು 6300-6500ರಲ್ಲಿ 630 ಕೊಡುವ ಎಂಜಿನ್. 7500 ಸುತ್ತುವ ಎಂಜಿನ್ ಅಲ್ಲ. ಈ ಎರಡು ಅಂಕಿ ಕಾಗದದ ಮೇಲೆ ಬರೆದು ಗ್ಯಾರೇಜಿನ ಗೋಡೆಗೆ ಅಂಟಿಸಿ.

ಈಗ ಬ್ಲಾಕ್. ನಿಮ್ಮದು 1990ರ ಒಳಗಿನದಾದರೆ ಮಾರ್ಕ್ 4. ಆಯಿಲ್ ಸೋರದಂತೆ ತಡೆಯುವ ಹಿಂದಿನ ಮೇನ್ ಸೀಲ್ ಎರಡು ತುಂಡಿನದು, ಪಾರ್ಟ್ಸ್ ಎಲ್ಲಿ ಬೇಕಾದರೂ ಸಿಗುತ್ತವೆ. 1991ರಿಂದ ಬಂದ ಜೆನ್ 5 ಬ್ಲಾಕ್‌ನಲ್ಲಿ ಸೀಲ್ ಒಂದೇ ತುಂಡು, ನೀರಿನ ದಾರಿಗಳೂ ಬೇರೆ. ಹಳೆಯ ಹೆಡ್‌ಗಳನ್ನು (ಸಿಲಿಂಡರ್‌ಗಳ ಮೇಲಿನ, ವಾಲ್ವ್ ಇರುವ ಭಾಗ) ಯೋಚಿಸದೆ ಅದರ ಮೇಲೆ ಕೂರಿಸಿದರೆ ನೀರು ಸೋರುತ್ತದೆ. ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ತಿರುಗುವ ದಂಡ) ಹಿಡಿದಿಡುವ ಮೇನ್ ಕ್ಯಾಪ್‌ಗೆ ಎರಡು ಬೋಲ್ಟೋ ನಾಲ್ಕೋ ಅಂತ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ನಾಲ್ಕಿದ್ದರೆ ಒಳ್ಳೆಯದು. ಆದರೆ 630ಕ್ಕೆ, ನೈಟ್ರಸ್ (ಪವರ್ ಏರಿಸಲು ಎಂಜಿನ್‌ಗೆ ಬಿಡುವ ಅನಿಲ) ಇಲ್ಲದೆ, ಒಳ್ಳೆಯ ಸ್ಟಡ್ ಹಾಕಿ ಲೈನ್ ಹೋನ್ (ಕ್ರ್ಯಾಂಕ್ ಕೂರುವ ರಂಧ್ರಗಳನ್ನು ಒಂದೇ ನೇರಕ್ಕೆ ಉಜ್ಜುವುದು) ಮಾಡಿಸಿದ ಎರಡು ಬೋಲ್ಟಿನ ಬ್ಲಾಕ್ ಕೂಡ ನಡೆಯುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ನೀವು ತಲೆ ಕೆಡಿಸಿಕೊಳ್ಳಬೇಕಾದದ್ದು ಸಿಲಿಂಡರ್ ಗೋಡೆಯ ದಪ್ಪದ ಬಗ್ಗೆ. ಎರಕ ಹೊಯ್ಯುವಾಗ ಒಳಗಿನ ಅಚ್ಚು ಸ್ವಲ್ಪ ಸರಿದರೂ ಒಂದು ಕಡೆ ಗೋಡೆ ದಪ್ಪ, ಇನ್ನೊಂದು ಕಡೆ ತೆಳು. ಹೊರಗಿನಿಂದ ಏನೂ ಕಾಣುವುದಿಲ್ಲ. ನನ್ನ ಮೊದಲ ಬ್ಲಾಕ್ ಅನ್ನು ಪರೀಕ್ಷೆ ಮಾಡಿಸದೆ 60 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ) ಬೋರ್ ಮಾಡಿಸಿದೆ, ಅಂದರೆ ಸಿಲಿಂಡರ್ ಕೊರೆಸಿ ಅಗಲ ಮಾಡಿಸಿದೆ. ಮೂರನೇ ಭಾನುವಾರ ಎಕ್ಸಾಸ್ಟ್‌ನಿಂದ ಬಿಳಿ ಹೊಗೆ. ಬಿಚ್ಚಿ ನೋಡಿದರೆ ಗೋಡೆ ಬಿರುಕು ಬಿಟ್ಟು ಒಳಗೆಲ್ಲ ನೀರು. ಮಷೀನ್ ಶಾಪಿನವನನ್ನು ಬೈಯುವಂತಿಲ್ಲ, ಕೇಳಿದ್ದನ್ನೇ ಅವನು ಮಾಡಿಕೊಟ್ಟಿದ್ದ. ಸೋನಿಕ್ ಟೆಸ್ಟ್ (ಶಬ್ದ ತರಂಗದಿಂದ ಗೋಡೆಯ ದಪ್ಪ ಅಳೆಯುವುದು) ಮಾಡಿಸಿ. ಪಿಸ್ಟನ್ ಒತ್ತುವ ಕಡೆ, ಬೋರ್ ಆದ ಮೇಲೆ, 0.200 ಇಂಚಿಗಿಂತ ಕಡಿಮೆ ಉಳಿಯುತ್ತದೆ ಅಂತಾದರೆ ನಾನಾದರೆ ಆ ಬ್ಲಾಕ್ ಬಿಟ್ಟುಬಿಡುತ್ತೇನೆ. ಬೇರೆ ಹುಡುಕಿ, ಇಲ್ಲವೇ ಡಾರ್ಟ್‌ನಂಥವರ ಹೊಸ ಬ್ಲಾಕ್‌ಗೆ ದುಡ್ಡು ಕೂಡಿಸಿ.

ಬ್ಲಾಕ್ ಪಾಸಾಯಿತು ಅನ್ನಿ. 454ರ ಬೋರ್ (ಸಿಲಿಂಡರಿನ ಅಗಲ) 4.25 ಇಂಚು, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 4 ಇಂಚು. ಬೋರ್ 60 ಥೌ ಹೆಚ್ಚಿಸಿ, 4.25 ಸ್ಟ್ರೋಕಿನ ಕ್ರ್ಯಾಂಕ್ ಹಾಕಿದರೆ 496 ಘನ ಇಂಚು ಆಗುತ್ತದೆ. 30 ಥೌ ಸಾಕು ಅಂದರೆ 489. ನಾನು ಸ್ಟ್ರೋಕ್ ಹೆಚ್ಚಿಸಿ ಅನ್ನುತ್ತೇನೆ. 454ರಲ್ಲಿ 630 ಬೇಕಾದರೆ ಪ್ರತಿ ಘನ ಇಂಚಿನಿಂದ 1.39 ಹಾರ್ಸ್‌ಪವರ್ ಹಿಂಡಬೇಕು. 496ರಲ್ಲಿ 1.27 ಸಾಕು. ಅಷ್ಟು ಕಡಿಮೆ ಹಿಂಸೆ. ಹಳೆಯ ಕ್ರ್ಯಾಂಕ್ ಅನ್ನು ಹೇಗೂ ಗ್ರೈಂಡ್ ಮಾಡಿಸಬೇಕು. ಆ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಹೊಸ 4340 ಉಕ್ಕಿನ ಫೋರ್ಜ್ಡ್ ಕ್ರ್ಯಾಂಕ್ ಬರುತ್ತದೆ. ಪಿಸ್ಟನ್ ಅನ್ನು ಕ್ರ್ಯಾಂಕ್‌ಗೆ ಜೋಡಿಸುವ ರಾಡ್ 6.385 ಇಂಚಿನ ಎಚ್-ಬೀಮ್. ರಾಡ್ ಬೋಲ್ಟ್‌ನಲ್ಲಿ ಮಾತ್ರ ಜಿಪುಣತನ ಬೇಡ. 6700 ಆರ್‌ಪಿಎಂನಲ್ಲಿ ಪಿಸ್ಟನ್ ಸರಾಸರಿ ನಿಮಿಷಕ್ಕೆ 4700 ಅಡಿ ಓಡುತ್ತಿರುತ್ತದೆ. ಅಷ್ಟು ವೇಗದ ಪಿಸ್ಟನ್ ಅನ್ನು ಪ್ರತಿ ಸುತ್ತಿಗೂ ಹಿಡಿದು ನಿಲ್ಲಿಸಿ ವಾಪಸ್ ಎಳೆಯುವುದು ಆ ಎರಡು ಬೋಲ್ಟ್‌ಗಳೇ. ಉದ್ದ ಸ್ಟ್ರೋಕಿಗೆ ಬೋರಿನ ಕೆಳತುದಿಯಲ್ಲಿ ರಾಡ್ ತಾಗಬಹುದು, ಅಲ್ಲಿ ಸ್ವಲ್ಪ ಉಜ್ಜಬೇಕಾಗುತ್ತದೆ. ಇನ್ನೊಂದು ವಿಷಯ. ಕಂಪನಿಯ 454 ಹೊರಗಿನಿಂದ ಬ್ಯಾಲೆನ್ಸ್ ಆದದ್ದು, ಅಂದರೆ ಮುಂದಿನ ಡ್ಯಾಂಪರ್ ಮತ್ತು ಹಿಂದಿನ ಫ್ಲೆಕ್ಸ್‌ಪ್ಲೇಟ್‌ನಲ್ಲಿ ಭಾರ ಇರುತ್ತದೆ. ಹೊಸ ಕ್ರ್ಯಾಂಕ್ ಒಳಗೇ ಬ್ಯಾಲೆನ್ಸ್ ಆಗಿದ್ದರೆ ಆ ಎರಡನ್ನೂ ಬದಲಿಸಬೇಕು. ಮರೆತು ಹಳೆಯದನ್ನೇ ಹಾಕಿ ಬೇರಿಂಗ್ ಕಳೆದುಕೊಂಡವರನ್ನು ನೋಡಿದ್ದೇನೆ.

ಹೆಡ್‌ಗೆ ದುಡ್ಡು ಸುರಿಯಿರಿ. ಪವರ್ ಇರುವುದು ಅಲ್ಲೇ. ಎಂಬತ್ತರ ದಶಕದ ಪಿಕಪ್‌ನದಾದರೆ ನಿಮ್ಮ ಎಂಜಿನ್ ಮೇಲೆ ಪೀನಟ್ ಪೋರ್ಟ್ ಹೆಡ್ ಇರುವ ಸಾಧ್ಯತೆ ಜಾಸ್ತಿ. ಗಾಳಿ ಹೋಗುವ ಕಿಂಡಿ ಕಡಲೆಕಾಯಿಯಷ್ಟು ಚಿಕ್ಕದು ಅಂತ ಆ ಹೆಸರು. ಸಾಮಾನು ಎಳೆಯಲು ಸರಿ, ರೇಸ್‌ಗೆ ಅಲ್ಲ. ಹೊಸ ಅಲ್ಯೂಮಿನಿಯಂ ಹೆಡ್ ನೋಡಿ. ಎಎಫ್‌ಆರ್, ಬ್ರಾಡಿಕ್ಸ್, ಎಡೆಲ್‌ಬ್ರಾಕ್, ಡಾರ್ಟ್ ಎಲ್ಲರೂ ಮಾಡುತ್ತಾರೆ. ಪೋರ್ಟ್ ದೊಡ್ಡದಾದಷ್ಟೂ ಒಳ್ಳೆಯದು ಅಂದುಕೊಳ್ಳಬೇಡಿ. 6500ರ ಎಂಜಿನ್‌ಗೆ 290ರಿಂದ 315 ಸಿಸಿ ಪೋರ್ಟ್ ಸಾಕು.

ಹೆಡ್ ಕೈಗೆ ಬಂದ ಮೇಲೆ ಪಿಸ್ಟನ್. ಈ ಕ್ರಮ ಯಾಕೆ ಅಂತ ಲೆಕ್ಕ ನೋಡಿ. 496ರ ಒಂದು ಸಿಲಿಂಡರ್ 62 ಘನ ಇಂಚು, ಅಂದರೆ 1016 ಸಿಸಿ. ಹೆಡ್‌ನ ಚೇಂಬರ್ (ಪೆಟ್ರೋಲ್ ಉರಿಯುವ ಗುಳಿ) 119 ಸಿಸಿ, ಗ್ಯಾಸ್ಕೆಟ್ ಸುಮಾರು 10 ಸಿಸಿ. ಚಪ್ಪಟೆ ಪಿಸ್ಟನ್ ಹಾಕಿದರೆ ಕಂಪ್ರೆಷನ್ (ಒಳಗೆ ಬಂದ ಗಾಳಿ ಎಷ್ಟು ಪಟ್ಟು ಒತ್ತಿಕೊಳ್ಳುತ್ತದೆ ಅನ್ನುವುದು) ಬರೀ 8.9. ಬೇಜಾರು ಎಂಜಿನ್. ಅಲ್ಯೂಮಿನಿಯಂ ಹೆಡ್ ಇಟ್ಟುಕೊಂಡು 93 ಆಕ್ಟೇನ್ ಪೆಟ್ರೋಲಿಗೆ 10.5 ಇಡಬಹುದು. ಅದಕ್ಕೆ ಪಿಸ್ಟನ್ ತಲೆಯ ಮೇಲೆ ಸುಮಾರು 22 ಸಿಸಿ ಉಬ್ಬು ಬೇಕು. ಕ್ಯಾಟಲಾಗ್‌ನಲ್ಲಿ 119 ಅಂತ ಬರೆದ ಚೇಂಬರ್ ಅಳೆದರೆ 121 ಬರಬಹುದು. ಒಂದು ಬ್ಯುರೆಟ್ ಮತ್ತು ಗಾಜಿನಂಥ ಪ್ಲಾಸ್ಟಿಕ್ ತುಂಡು ಇದ್ದರೆ ಮನೆಯಲ್ಲೇ ಅಳೆಯಬಹುದು. ಪಿಯುಸಿ ಕೆಮಿಸ್ಟ್ರಿ ಲ್ಯಾಬ್ ನೆನಪಾಗುತ್ತದೆ.

ಈಗ ಬಂತು ಕ್ಯಾಮ್. ತೂಕ, ಗೇರ್, ಟೈರ್, ಹೆಡ್, ಕಂಪ್ರೆಷನ್, ಕನ್ವರ್ಟರ್ ಎಲ್ಲ ಬರೆದು ಕ್ಯಾಮ್ ಮಾಡುವವರಿಗೇ ಫೋನ್ ಮಾಡಿ. ಈ ಎಂಜಿನ್‌ಗೇ ಅಂತ ಗ್ರೈಂಡ್ ಮಾಡಿಕೊಡುತ್ತಾರೆ. ನನ್ನ ಆಯ್ಕೆ ಸಾಲಿಡ್ ರೋಲರ್, ಅಂದರೆ ಕ್ಯಾಮ್ ಮೇಲೆ ಚಕ್ರ ಉರುಳುವ ಬಗೆ. ಕ್ಯಾಮ್ ಮೇಲೆ ಉಜ್ಜುತ್ತಾ ಸಾಗುವ ಫ್ಲಾಟ್ ಟ್ಯಾಪೆಟ್ ಅಗ್ಗ ನಿಜ, ಆದರೆ ಇವತ್ತಿನ ಮಾಮೂಲಿ ಆಯಿಲ್‌ನಲ್ಲಿ ಸತು ಕಡಿಮೆ. ಮೊದಲ ಇಪ್ಪತ್ತು ನಿಮಿಷ 2000 ಆರ್‌ಪಿಎಂ ಮೇಲೆ ಓಡಿಸುವುದರಲ್ಲಿ ಸ್ವಲ್ಪ ಎಡವಟ್ಟಾದರೂ ಕ್ಯಾಮಿನ ಉಬ್ಬು (ಲೋಬ್) ಸವೆದು, ಆ ಪುಡಿ ಬೇರಿಂಗ್‌ಗಳಿಗೆ ಹೋಗುತ್ತದೆ. ಸ್ಪ್ರಿಂಗ್ ಕ್ಯಾಮ್ ಮಾಡಿದವರು ಹೇಳಿದ್ದೇ ಇರಲಿ. ಎಂಜಿನ್ ಮುಚ್ಚುವ ಮೊದಲು ಪಿಸ್ಟನ್ ಮೇಲೆ ಮಕ್ಕಳ ಆಟದ ಜೇಡಿಯನ್ನು ಮೆತ್ತಿ, ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಹೆಡ್ ಎತ್ತಿ ನೋಡಿ. ಇನ್‌ಟೇಕ್ ವಾಲ್ವ್ ಒತ್ತಿದ ಕಡೆ ಜೇಡಿ 80 ಥೌ, ಎಕ್ಸಾಸ್ಟ್ ಕಡೆ 100 ಥೌ ಉಳಿದಿರಬೇಕು.

ಉಳಿದದ್ದು ಸುಲಭ. ಕಾರ್ಬ್ಯುರೇಟರ್‌ಗೆ 496 ಅನ್ನು 6700ರಿಂದ ಗುಣಿಸಿ 3456ರಿಂದ ಭಾಗಿಸಿ, 960 ಚಿಲ್ಲರೆ ಬರುತ್ತದೆ, ಅಂದರೆ ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ. 1000ದ ಆಸುಪಾಸಿನದು ಯಾವುದಾದರೂ ಸರಿ, ಹಾಲಿಯ 1050 ಡಾಮಿನೇಟರ್ ಸಿಕ್ಕರೂ ತೊಂದರೆ ಇಲ್ಲ. ಮೇನ್ ಬೇರಿಂಗ್ ಸಂದು ಕ್ರ್ಯಾಂಕಿನ 2.75 ಇಂಚಿನ ಜರ್ನಲ್‌ಗೆ (ಬೇರಿಂಗ್‌ನಲ್ಲಿ ತಿರುಗುವ ಭಾಗ) ಎರಡೂ ಮುಕ್ಕಾಲು ಥೌ. ಪಿಸ್ಟನ್ನಿನ ಮೇಲಿನ ರಿಂಗಿನ ಎರಡು ತುದಿಗಳ ನಡುವಿನ ಗ್ಯಾಪ್ 19-20 ಥೌ. ಮುಂದೆ ನೈಟ್ರಸ್ ಹಾಕುವ ಆಸೆ ಇದ್ದರೆ ಈಗಲೇ ಹೇಳಿಬಿಡಿ, ಆ ಗ್ಯಾಪ್ ಜಾಸ್ತಿ ಬೇಕು, ಪಿಸ್ಟನ್ನೂ ಬೇರೆ. ಆಮೇಲೆ ಹೇಳಿದರೆ ಎಂಜಿನ್ ಮತ್ತೆ ಬಿಚ್ಚಬೇಕು.

ಅಂದಹಾಗೆ, ಶೆವೆಲ್‌ಗೆ ರೋಲ್ ಬಾರ್ (ಕಾರು ಮಗುಚಿದರೆ ಕಾಪಾಡುವ ಉಕ್ಕಿನ ಕಂಬಿ) ಇದೆಯಾ? ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಿಯಮದಲ್ಲಿ 11.49 ಅಥವಾ ಅದಕ್ಕಿಂತ ಬೇಗ ಓಡುವ ಕಾರಿಗೆ ಅದು ಕಡ್ಡಾಯ. 10.99 ಅಥವಾ ಅದಕ್ಕಿಂತ ಬೇಗ ಹೋದರೆ ಡ್ಯಾಂಪರ್ ಮೇಲೆ ಎಸ್‌ಎಫ್‌ಐ 18.1 ಸುರಕ್ಷತಾ ಮುದ್ರೆ ಬೇಕು, ಹೇಗೂ ಹೊಸದು ಕೊಳ್ಳುತ್ತೀರಲ್ಲ, ಅದನ್ನೇ ಕೊಳ್ಳಿ. ಮೊದಲು ಬ್ಲಾಕ್ ಸೋನಿಕ್ ಟೆಸ್ಟ್ ಮಾಡಿಸಿ, ಎಂಟು ಸಿಲಿಂಡರಿನ ಅಳತೆಯನ್ನೂ ಕಾಮೆಂಟಿನಲ್ಲಿ ಹಾಕಿ. 489 ಮಾಡಬೇಕಾ 496 ಮಾಡಬೇಕಾ ಅಂತ ಆಮೇಲೆ ನೋಡೋಣ.